ತಂತ್ರಾಂಶದ ಉದ್ಯೋಗವೂ ನಮ್ಮ ಮಲೆನಾಡಿನ ತರುಣರೂ

ಒಂದು ಕಾಲದಲ್ಲಿ ನಮ್ಮ ಸಣ್ಣ ಪಟ್ಟಣಗಳಲ್ಲಿ ವಿದ್ಯಾರ್ಥಿಗಳು ನಾಲ್ಕು ಜನ ಒಂದೆಡೆ ಕೂಡಿದರೆಂದರೆ, ಅವರ ಮಾತುಕತೆಯು ತಾಲ್ಲೂಕು ಕಚೇರಿಯ ಗುಮಾಸ್ತಗಿರಿ, ಶಾಲೆಯ ಉಪಾಧ್ಯಾಯಿಕೆ, ಹೆಚ್ಚೆಂದರೆ ವಕೀಲಿ ವೃತ್ತಿ, ಇವುಗಳ ಸುತ್ತಲೇ ತಿರುಗುತ್ತಿದ್ದಿತು. ಆ ಕಾಲವು ಸಂದುಹೋಯಿತು. ಈಗ ಶಿಕಾರಿಪುರದ ಬಸ್ಸು ನಿಲ್ದಾಣದಲ್ಲಿಯಾಗಲಿ ಸೊರಬದ ಕಾಲೇಜಿನ ಅಂಗಳದಲ್ಲಿಯಾಗಲಿ ಕಿವಿಗೊಟ್ಟು ನಿಂತವರಿಗೆ ಕೇಳಿಬರುವ ಮಾತೇ ಬೇರೆ. ಸಾಫ್ಟ್‌ವೇರ್ ಎಂದು ಲೋಕವೆಲ್ಲ ಕರೆಯುವ ತಂತ್ರಾಂಶ, ಅದನ್ನು ಬರೆಯುವ ಭಾಷೆಗಳು, ಅದನ್ನು ಮಾರುವ ಕಂಪೆನಿಗಳು, ಆ ಕಂಪೆನಿಗಳು ಕೊಡುವ ಸಂಬಳ, ಮತ್ತು ಈಚೆಗೆ ಆ ಸಂಬಳಕ್ಕೇ ಸಂಚಕಾರ ತರುವಂತೆ ತೋರುತ್ತಿರುವ ಕೃತಕ ಬುದ್ಧಿಮತ್ತೆ, ಇವೇ ಇಂದಿನ ತರುಣರ ಚರ್ಚೆಯ ವಿಷಯಗಳಾಗಿವೆ. ಇದು ಹುಡುಗರ ಹರಟೆಯೆಂದು ಹಿರಿಯರು ಕಡೆಗಣಿಸತಕ್ಕುದಲ್ಲ. ಎರಡು ತಾಲ್ಲೂಕುಗಳ ಎಷ್ಟೋ ಮನೆಗಳ ಮುಂದಿನ ಬಾಳು ಈ ಮಾತುಗಳ ಮೇಲೆ ನಿಂತಿರುವುದರಿಂದ, ಅದನ್ನು ಕುರಿತು ನಮಗೆ ತೋಚಿದ ನಾಲ್ಕು ಸಂಗತಿಗಳನ್ನು ವಾಚಕರ ಮುಂದಿಡಬೇಕೆಂದು ಬಗೆದಿದ್ದೇವೆ.

ನಾವು ಈಚೆಗೆ ಶಿಕಾರಿಪುರದಿಂದ ಶಿರಾಳಕೊಪ್ಪದ ಮಾರ್ಗವಾಗಿ ಸೊರಬಕ್ಕೆ ಪ್ರಯಾಣ ಮಾಡಬೇಕಾಗಿ ಬಂದಿತು. ಸಂಜೆಯ ಹೊತ್ತಾದುದರಿಂದ ಬಸ್ಸಿನ ತುಂಬ ಕಾಲೇಜಿನಿಂದ ಊರಿಗೆ ಮರಳುವ ಹುಡುಗ ಹುಡುಗಿಯರೇ ಇದ್ದರು. ಪಕ್ಕದಲ್ಲಿದ್ದವನನ್ನು ಏನು ಓದುತ್ತಿರುವೆಯಪ್ಪ ಎಂದು ಕೇಳಿದ್ದೇ ತಡ, ಸುತ್ತಲಿನ ಐದಾರು ಜನ ಮಾತಿಗೆ ತೊಡಗಿದರು. ಬಿ.ಸಿ.ಎ. ಓದುತ್ತಿದ್ದ ಆ ತರುಣನ ಅಭಿಪ್ರಾಯವು ಅತ್ಯಂತ ಸರಳವಾಗಿದ್ದಿತು. ತಂದೆಗೆ ಎರಡು ಎಕರೆ ಜೋಳದ ಹೊಲವಿದೆ. ಮಳೆ ಬಂದರೆ ಬೆಲೆಯಿಲ್ಲ, ಬೆಲೆ ಬಂದರೆ ಮಳೆಯಿಲ್ಲ. ತಿಂಗಳು ತುಂಬಿದೊಡನೆ ಬ್ಯಾಂಕಿನ ಲೆಕ್ಕಕ್ಕೆ ಬಂದು ಬೀಳುವ ಸಂಬಳವೊಂದಿದ್ದರೆ ಸಾಕು, ಕಂಪೆನಿ ಯಾವುದಾದರೇನು, ಕೆಲಸ ಎಂತಹುದಾದರೇನು ಎಂಬುದು ಅವನ ವಾದ.

ಆನವಟ್ಟಿಯ ಕಡೆಯ ಹುಡುಗಿಯೊಬ್ಬಳು ಇದಕ್ಕೆ ಮತ್ತೊಂದು ಮಾತನ್ನು ಸೇರಿಸಿದಳು. ಗಣಕಯಂತ್ರದ ಮುಂದೆ ಕುಳಿತವರ ಕುಲಗೋತ್ರಗಳನ್ನು ಆ ಯಂತ್ರವು ಕೇಳುವುದಿಲ್ಲ. ತನ್ನ ಅಕ್ಕನು ಬೆಂಗಳೂರಿನಲ್ಲಿ ದುಡಿದು ಕಳುಹಿಸಿದ ಹಣದಿಂದ ಊರಿನಲ್ಲಿ ಮನೆಯೆದ್ದಿತು. ಹೆಣ್ಣುಮಕ್ಕಳಿಗೆ ಇಷ್ಟು ಬೇಗ ಸ್ವಂತ ಕಾಲಿನ ಮೇಲೆ ನಿಲ್ಲುವ ಬಲವನ್ನು ಇನ್ನಾವ ಉದ್ಯೋಗವು ಕೊಟ್ಟಿದೆ, ಎಂದು ಅವಳು ಕೇಳಿದಳು. ಇದಕ್ಕೆ ಯಾರೂ ಎದುರು ಹೇಳಲಿಲ್ಲ, ಹೇಳುವಂತೆಯೂ ಇರಲಿಲ್ಲ. ಹಿಂದಿನ ಸಾಲಿನಲ್ಲಿದ್ದ ಮತ್ತೊಬ್ಬನ ಮುಖ ಮಾತ್ರ ಬಾಡಿದ್ದಿತು. ಅವನ ಅಣ್ಣನು ಎಂಜಿನಿಯರಿಂಗ್ ಪದವಿ ಪಡೆದು ಎಂಟು ತಿಂಗಳಿಂದ ಬೆಂಗಳೂರಿನಲ್ಲಿ ಬಾಡಿಗೆಯ ಕೋಣೆಯೊಂದರಲ್ಲಿದ್ದು, ತರಬೇತಿ ಕೇಂದ್ರವೊಂದಕ್ಕೆ ಹಣ ಕಟ್ಟಿ, ಪ್ರತಿದಿನವೂ ಅರ್ಜಿಗಳನ್ನು ಕಳುಹಿಸುತ್ತಿದ್ದರೂ ಕರೆ ಬಂದಿಲ್ಲವಂತೆ. ಯಂತ್ರವೇ ಬರೆಯತೊಡಗಿದ ಮೇಲೆ ನಮ್ಮನ್ನು ಯಾರು ಕೇಳುವರು ಎಂಬುದು ಅವನ ಆತಂಕ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದ ನಾಲ್ಕನೆಯವನಿಗೆ ಲೆಕ್ಕವೂ ತರ್ಕವೂ ಚೆನ್ನಾಗಿ ಬರುತ್ತಿದ್ದವೆಂದು ಅವನ ಗೆಳೆಯರೇ ಹೊಗಳಿದರು. ಆದರೆ ಸಂದರ್ಶನದಲ್ಲಿ ಇಂಗ್ಲೀಷಿನಲ್ಲಿ ತನ್ನ ಪರಿಚಯವನ್ನು ಹೇಳಿಕೊಳ್ಳೆಂದೊಡನೆ ನಾಲಿಗೆ ಕಟ್ಟಿತಂತೆ. ಕೊನೆಗೆ, ಅದುವರೆಗೆ ಸುಮ್ಮನಿದ್ದ ಅಡಿಕೆ ತೋಟದ ಮನೆಯ ಹುಡುಗನೊಬ್ಬನು, “ಸಾರ್, ಈ ಕೆಲಸಕ್ಕೆ ಬೇಕಾದದ್ದು ಒಂದು ಯಂತ್ರ, ಒಂದು ತಂತಿ. ಅದನ್ನ ನಮ್ಮೂರಲ್ಲೇ ಕೂತು ಯಾಕೆ ಮಾಡಬಾರದು?” ಎಂದನು. ಎಲ್ಲರೂ ನಕ್ಕರು. ಅವನ ಊರಿನಲ್ಲಿ ದೂರವಾಣಿಯ ಸಂಕೇತ ಸಿಕ್ಕಬೇಕಾದರೆ ಗುಡ್ಡ ಹತ್ತಬೇಕಾಗಿರುವುದೇ ಆ ನಗೆಗೆ ಕಾರಣವೆಂದು ಆಮೇಲೆ ತಿಳಿಯಿತು.

ಈ ಐದು ಮಾತುಗಳಲ್ಲಿ ಒಂದೂ ಸುಳ್ಳಲ್ಲ. ಆದರೆ ನಮಗೆ ವಿಚಾರಕ್ಕೆ ಆಸ್ಪದವಾಗಿ ಕಂಡುದು ಅವರು ಆಡದೆ ಬಿಟ್ಟ ಮಾತು. ಸೊರಬ ಬರುವವರೆಗಿನ ಆ ಚರ್ಚೆಯಲ್ಲಿ ಕಂಪೆನಿಗಳ ಹೆಸರು ಹತ್ತಾರು ಸಲ ಬಂದುಹೋಯಿತು. ಆ ಕಂಪೆನಿಗಳು ಯಾರಿಗಾಗಿ ಏನು ಮಾಡಿಕೊಡುತ್ತವೆ, ಅವುಗಳಿಗೆ ಹಣವು ಯಾವ ದಾರಿಯಿಂದ ಬರುತ್ತದೆ ಎಂಬ ಪ್ರಶ್ನೆಯು ಒಮ್ಮೆಯೂ ಬರಲಿಲ್ಲ. ಹತ್ತಿಯ ಧಾರಣೆಯನ್ನರಿಯದೆ ಹತ್ತಿ ಬಿತ್ತುವ ರೈತನಿಲ್ಲ. ನಮ್ಮ ತರುಣರಾದರೋ ತಮ್ಮ ಆಯುಷ್ಯದ ಬೀಜವನ್ನು ಬಿತ್ತಹೊರಟಿರುವ ಹೊಲದ ಮಣ್ಣನ್ನು ಮುಟ್ಟಿ ನೋಡಿಲ್ಲ. ಆದಕಾರಣ ಆ ಹೊಲದ ಕಥೆಯನ್ನು ಮೊದಲು ಸಂಕ್ಷೇಪವಾಗಿ ಹೇಳುವುದು ಯುಕ್ತವೆಂದು ತೋರುತ್ತದೆ.

ಬೆಂಗಳೂರಿನ ಈ ಉದ್ಯಮವು ಆಕಾಶದಿಂದ ಉದುರಿದುದಲ್ಲ. 1909ರಲ್ಲಿ ಸ್ಥಾಪಿತವಾದ ವಿಜ್ಞಾನ ಮಂದಿರ, 1940ರ ವಿಮಾನ ಕಾರ್ಖಾನೆ, 1948ರ ದೂರವಾಣಿ ಕಾರ್ಖಾನೆ, 1954ರ ಭಾರತ್ ಎಲೆಕ್ಟ್ರಾನಿಕ್ಸ್, ಇವು ಎರಡು ಮೂರು ತಲೆಮಾರುಗಳ ಕುಶಲಿಗಳನ್ನು ಮೊದಲೇ ಸಿದ್ಧಪಡಿಸಿದ್ದವು. 1976ರಲ್ಲಿ ಕರ್ನಾಟಕ ಸರಕಾರವು ಕಿಯೋನಿಕ್ಸ್ ಎಂಬ ಸಂಸ್ಥೆಯನ್ನು ಸ್ಥಾಪಿಸಿತು. ಅದರ ಮುಖ್ಯಸ್ಥರಾಗಿದ್ದ ಆರ್. ಕೆ. ಬಾಳಿಗರ ದೂರದೃಷ್ಟಿಯ ಫಲವಾಗಿ 1978ರಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆ ಭೂಮಿಯಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಗೆ ಅಂಕುರಾರ್ಪಣವಾಯಿತು. ಏಳು ಜನ ಎಂಜಿನಿಯರುಗಳು ಹತ್ತು ಸಾವಿರ ರೂಪಾಯಿಗಳ ಬಂಡವಾಳದಿಂದ 1981ರಲ್ಲಿ ಪುಣೆಯಲ್ಲಿ ಆರಂಭಿಸಿದ ಇನ್ಫೋಸಿಸ್ ಕಂಪೆನಿಯು 1983ರಲ್ಲಿ ಬೆಂಗಳೂರಿಗೆ ಬಂದಿತು. 1985ರಲ್ಲಿ ಅಮೇರಿಕೆಯ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪೆನಿಯು ಇಲ್ಲಿ ತನ್ನ ಕೇಂದ್ರವನ್ನು ತೆರೆದು, ಉಪಗ್ರಹದ ಮೂಲಕ ಕೆಲಸವನ್ನು ಸಮುದ್ರದಾಚೆಗೆ ಕಳುಹಿಸುವ ದಾರಿಯನ್ನು ತೋರಿಸಿಕೊಟ್ಟಿತು. 1997ರಲ್ಲಿ ಮಾಹಿತಿ ತಂತ್ರಜ್ಞಾನಕ್ಕೆಂದೇ ಒಂದು ನೀತಿಯನ್ನು ಪ್ರಕಟಿಸಿದ ಮೊದಲ ರಾಜ್ಯವೆಂಬ ಕೀರ್ತಿಯೂ ಕರ್ನಾಟಕಕ್ಕೆ ಸಂದಿತು. 2000ನೆಯ ಇಸವಿ ಹುಟ್ಟುವಾಗ ಹಳೆಯ ಯಂತ್ರಗಳು ತಾರೀಖನ್ನು ತಪ್ಪಾಗಿ ಓದುವುವೆಂಬ ಭೀತಿ ಜಗತ್ತನ್ನೆಲ್ಲ ಹಿಡಿದಾಗ, ಅದನ್ನು ತಿದ್ದುವ ಕೆಲಸವು ರಾಶಿರಾಶಿಯಾಗಿ ನಮ್ಮವರ ಪಾಲಿಗೆ ಬಂದು, ಉದ್ಯಮವು ಬೆಳೆಯಿತು. ಇಂದು ಭರತಖಂಡದಲ್ಲಿ 50 ಲಕ್ಷಕ್ಕೂ ಮಿಕ್ಕಿ ಜನರು ಇದರಿಂದ ಜೀವಿಸುತ್ತಾರೆ. ಈ ಸಾಧನೆಯನ್ನು ಹೀಗಳೆಯುವವನು ಅಸೂಯಾಪರನೆಂದೇ ಹೇಳಬೇಕು.

ಆದರೆ ಇದರ ಒಳಗಿನ ಲೆಕ್ಕವೇನು? ನಮ್ಮ ದೊಡ್ಡ ಕಂಪೆನಿಗಳ ಕೆಲಸದ ಬಹುಭಾಗವು ಸೇವಾರೂಪವಾದುದು. ಹೊರದೇಶದ ಬ್ಯಾಂಕು, ವಿಮಾ ಸಂಸ್ಥೆ, ಅಂಗಡಿ ಮಳಿಗೆಗಳ ತಂತ್ರಾಂಶವನ್ನು ಬರೆದುಕೊಡುವುದು, ಹಳೆಯದನ್ನು ರಿಪೇರಿ ಮಾಡುವುದು, ಹಗಲಿರುಳು ಕಾಯುವುದು, ಇದು ಆ ಸೇವೆ. ಇದಕ್ಕೆ ಹಣವು ಬಹಳ ಕಾಲದವರೆಗೆ ಇಷ್ಟು ಜನ ಇಷ್ಟು ತಾಸು ದುಡಿದರೆಂಬ ಲೆಕ್ಕದ ಮೇಲೆ ಬರುತ್ತಿದ್ದಿತು. ಗಿರಾಕಿಯು ತಾಸಿಗೆ ಕೊಡುವುದಕ್ಕೂ ಕೆಲಸಗಾರನು ಪಡೆಯುವುದಕ್ಕೂ ಇರುವ ಅಂತರವೇ ಲಾಭ. ಆದುದರಿಂದ ಕಡಿಮೆ ಸಂಬಳದ ಹೊಸಬರನ್ನು ಸಾವಿರಗಟ್ಟಲೆಯಾಗಿ ತುಂಬಿಕೊಳ್ಳುವುದು ಕಂಪೆನಿಗೆ ಅನುಕೂಲವಾಗಿತ್ತು. ಹೊಸಬನಿಗೆ ಇವು ಕೊಡುವ ಸಂಬಳವು ಹತ್ತು ವರ್ಷಗಳಿಗೂ ಮಿಕ್ಕಿ ವರ್ಷಕ್ಕೆ ಮೂರು, ಮೂರೂವರೆ ಲಕ್ಷ ರೂಪಾಯಿಗಳ ಆಸುಪಾಸಿನಲ್ಲಿಯೇ ನಿಂತಿರುವುದು ಎಲ್ಲರಿಗೂ ತಿಳಿದ ವಿಷಯ. ಬೆಂಗಳೂರಿನ ಬಾಡಿಗೆ, ಊಟ, ಓಡಾಟಗಳ ವೆಚ್ಚವೂ ಹಾಗೆಯೇ ನಿಂತಿದೆಯೇ ಎಂಬುದನ್ನು ತಂದೆತಾಯಿಗಳೇ ಯೋಚಿಸಲಿ.

ಇನ್ನೆರಡು ಬಗೆಯ ಕಂಪೆನಿಗಳಿವೆ. ಹೊರದೇಶದ ದೊಡ್ಡ ವ್ಯಾಪಾರ ಸಂಸ್ಥೆಗಳು ತಮ್ಮ ಕೆಲಸವನ್ನು ಬೇರೆಯವರಿಗೆ ವಹಿಸದೆ ತಮ್ಮದೇ ಕಚೇರಿಗಳನ್ನು ಇಲ್ಲಿ ತೆರೆಯುತ್ತವೆ. 2024ರ ವೇಳೆಗೆ ಇಂತಹವು ದೇಶದಲ್ಲಿ 1,700ಕ್ಕೂ ಹೆಚ್ಚಾಗಿದ್ದವು; ಬೇರಾವ ನಗರಕ್ಕಿಂತಲೂ ಬೆಂಗಳೂರಿನಲ್ಲಿ ಅವು ಅಧಿಕ. ಎರಡನೆಯವು, ಒಂದು ತಂತ್ರಾಂಶವನ್ನು ಒಮ್ಮೆ ನಿರ್ಮಿಸಿ ಹಲವರಿಗೆ ಮಾರುವ ಕಂಪೆನಿಗಳು. ಈ ಎರಡೂ ತಲೆಗಳನ್ನು ಎಣಿಸುವುದಕ್ಕಿಂತ ಕೌಶಲವನ್ನು ಹೆಚ್ಚಾಗಿ ತೂಗಿ ನೋಡುತ್ತವೆ. ಸಂಬಳ ಹೆಚ್ಚು, ಬಾಗಿಲು ಕಿರಿದು. ನಮ್ಮ ತಾಲ್ಲೂಕುಗಳ ಹುಡುಗರಿಗೆ ಪರಿಚಯವಿರುವುದು ಅಗಲವಾಗಿದ್ದ ಮೊದಲನೆಯ ಬಾಗಿಲು. ಈಗ ಅದೇ ಕಿರಿದಾಗುತ್ತಲಿದೆ.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಎಂಬ ಯಂತ್ರವು ಜನರ ಕೈಗೆ ಬಂದಂದಿನಿಂದ, ಹೊಸಬನು ಒಂದು ದಿನ ಕುಳಿತು ಬರೆಯುತ್ತಿದ್ದ ಸಾಮಾನ್ಯ ಕ್ರಮವಿಧಿಯನ್ನು ಯಂತ್ರವು ಕ್ಷಣಮಾತ್ರದಲ್ಲಿ ಬರೆದಿಡುತ್ತಿದೆ. 2025ರ ಫೆಬ್ರವರಿಯಲ್ಲಿ ಇನ್ಫೋಸಿಸ್ ಕಂಪೆನಿಯ ಮೈಸೂರಿನ ಶಿಕ್ಷಣ ಕೇಂದ್ರದಿಂದ ತರಬೇತಿ ಪಡೆಯುತ್ತಿದ್ದ ಮುನ್ನೂರಕ್ಕೂ ಹೆಚ್ಚು ಹೊಸಬರನ್ನು ಕಳುಹಿಸಿಬಿಟ್ಟ ಸುದ್ದಿಯನ್ನು ವಾಚಕರು ಓದಿರಬಹುದು. ಮೂರು ಅವಕಾಶಗಳಲ್ಲಿಯೂ ಅವರು ಪರೀಕ್ಷೆಯಲ್ಲಿ ಉತ್ತೀರ್ಣರಾಗಲಿಲ್ಲವೆಂದು ಕಂಪೆನಿಯು ಹೇಳಿತು. ಅದೇ ವರ್ಷದ ಜುಲೈ ತಿಂಗಳಲ್ಲಿ ಟಿ.ಸಿ.ಎಸ್. ಕಂಪೆನಿಯು ತನ್ನ ನೌಕರರಲ್ಲಿ ನೂರಕ್ಕೆ ಎರಡರಷ್ಟು, ಅಂದರೆ ಸುಮಾರು 12,000 ಜನರನ್ನು ಕಡಿಮೆ ಮಾಡುವುದಾಗಿ ಪ್ರಕಟಿಸಿತು. ಅವರಲ್ಲಿ ಬಹುಮಂದಿ ಮಧ್ಯಮ ಮತ್ತು ಮೇಲಿನ ದರ್ಜೆಯವರು. ಹೊಸಬನಿಗೆ ಪ್ರವೇಶವು ಕಷ್ಟ, ಹಳಬನಿಗೆ ನೆಲೆಯು ಅಸ್ಥಿರ ಎಂಬುದೇ ಇದರ ತಾತ್ಪರ್ಯ.

ಕಂಪೆನಿಯ ಕೆಲಸವೆಂದರೆ ಕಲ್ಲಿನಲ್ಲಿ ಕೊರೆದ ಶಾಸನವೆಂಬ ಭ್ರಮೆಯು ಶಿವಮೊಗ್ಗೆ ಜಿಲ್ಲೆಯವರಿಗೆ ಇರಬಾರದಾಗಿತ್ತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯು 1923ರಲ್ಲಿ ಕೆಲಸವನ್ನಾರಂಭಿಸಿತು. ಅಲ್ಲಿಯ ಕಾಗದದ ಕಾರ್ಖಾನೆಯು 1936ರಲ್ಲಿ ಸ್ಥಾಪಿತವಾಯಿತು. ಅಲ್ಲಿ ಕೆಲಸ ಸಿಕ್ಕಿತೆಂದರೆ ಮೂರು ತಲೆಮಾರಿಗೆ ಅನ್ನ ಸಿಕ್ಕಿತೆಂದು ನಮ್ಮ ಹಿರಿಯರು ನಂಬಿದ್ದರು. ಕಾಗದದ ಕಾರ್ಖಾನೆಯು 2015ರಲ್ಲಿ ಉತ್ಪಾದನೆಯನ್ನು ನಿಲ್ಲಿಸಿತು. ಕಬ್ಬಿಣದ ಕಾರ್ಖಾನೆಯು ತನ್ನ ಹಿಂದಿನ ವೈಭವದ ನೆರಳಾಗಿ ಉಳಿದಿದೆ. ಆ ಕಾರ್ಖಾನೆಗಳಲ್ಲಿದ್ದವರ ಪೈಕಿ, ಕುಶಲವಾದ ಕೈಗೆಲಸವನ್ನು ಕಲಿತಿದ್ದವರು ಹೊರಗೆ ಬಂದು ಗರಡಿಯನ್ನೋ ಕಾರ್ಯಾಗಾರವನ್ನೋ ತೆರೆದು ಬದುಕಿದರು. ಹಾಜರಿಯನ್ನು ಮಾತ್ರ ಹಾಕಿ ಬಂದವರು ಕಂಗಾಲಾದರು. ಕಂಪೆನಿಯು ಹೋದರೂ ಉಳಿಯುವುದು ವಿದ್ಯೆಯೊಂದೇ. ಕಬ್ಬಿಣಕ್ಕೆ ಸಂದ ಈ ಮಾತು ತಂತ್ರಾಂಶಕ್ಕೂ ಸಲ್ಲುತ್ತದೆ.

ಇಲ್ಲಿಯೇ ನಮ್ಮ ಮುಖ್ಯವಾದ ಆಕ್ಷೇಪಣೆ ಇರುವುದು. ಆಂಗ್ಲರ ಆಳ್ವಿಕೆಯಲ್ಲಿ ಶಾಲೆಗಳು ಗುಮಾಸ್ತರನ್ನು ತಯಾರಿಸುತ್ತಿವೆಯೆಂದು ನಮ್ಮ ದೇಶಭಕ್ತರು ಅಂದು ಮರುಗಿದರು. ಪರರು ಬರೆಯಹೇಳಿದುದನ್ನು ಪರರ ಭಾಷೆಯಲ್ಲಿ ಅಚ್ಚುಕಟ್ಟಾಗಿ ಬರೆದುಕೊಟ್ಟು, ಅದರ ಅರ್ಥವನ್ನಾಗಲಿ ಪ್ರಯೋಜನವನ್ನಾಗಲಿ ಕೇಳದೆ ಸಂಬಳ ಪಡೆಯುವುದೇ ಗುಮಾಸ್ತಗಿರಿಯಾದರೆ, ಕಾಗದದ ಬದಲು ಗಾಜಿನ ಪರದೆಯ ಮೇಲೆ ಬರೆದ ಮಾತ್ರಕ್ಕೆ ಅದರ ಸ್ವರೂಪವು ಬದಲಾಯಿತೇ? ಗುಮಾಸ್ತನ ಕೆಲಸವನ್ನು ಯಂತ್ರವು ಕಿತ್ತುಕೊಳ್ಳಬಲ್ಲುದು. ಏಕೆಂದರೆ ಹೇಳಿದಷ್ಟನ್ನೇ ಮಾಡುವುದರಲ್ಲಿ ಯಂತ್ರಕ್ಕೆ ಸರಿಸಮಾನರಿಲ್ಲ. ಏನು ಮಾಡಬೇಕೆಂದು ನಿಶ್ಚಯಿಸುವ, ಮಾಡಿದುದು ಸರಿಯೇ ಎಂದು ಪರೀಕ್ಷಿಸುವ, ತಪ್ಪಿಗೆ ಹೊಣೆಯಾಗುವ ಕೆಲಸವನ್ನು ಮಾತ್ರ ಅದು ಇನ್ನೂ ಕಿತ್ತುಕೊಂಡಿಲ್ಲ. ಸೊರಬದ ಗುಡಿಗಾರರನ್ನೇ ನೋಡಿರಿ. ಉಳಿಯನ್ನು ಯಾರು ಬೇಕಾದರೂ ಕೊಂಡು ತರಬಹುದು. ಗಂಧದ ತುಂಡಿನೊಳಗೆ ಮೂರ್ತಿಯನ್ನು ಮೊದಲೇ ಕಾಣುವ ಕಣ್ಣು ಮಾತ್ರ ಅಂಗಡಿಯಲ್ಲಿ ಸಿಕ್ಕದು. ಹೊಸ ಯಂತ್ರವು ಎಷ್ಟು ಹರಿತವಾಗಿದ್ದರೂ ಉಳಿಯೇ. ಅದನ್ನು ಹಿಡಿಯುವವನು ಗುಡಿಗಾರನಾಗಿರಬೇಕು.

ಇಂತಹ ಮಾತು ಬೇರೆ ಊರಿನವರಿಗೆ ಹೊಸದಾಗಿ ತೋರಬಹುದು, ಶಿಕಾರಿಪುರ ತಾಲ್ಲೂಕಿನವರಿಗೆ ತೋರಬಾರದು. ಬಳ್ಳಿಗಾವೆಯ ಕೋಡಿಯ ಮಠವನ್ನು ಕುರಿತು 1162ರ ಶಾಸನವು ಹೇಳುವುದನ್ನು ಕೇಳಿರಿ. ಅಲ್ಲಿ ನಾಲ್ಕು ವೇದಗಳ ಪಠನವಿದ್ದಿತು. ಹಲವು ವ್ಯಾಕರಣಗಳ, ಷಡ್ದರ್ಶನಗಳ ವ್ಯಾಖ್ಯಾನವಿದ್ದಿತು. ಅದರ ಜತೆಯಲ್ಲಿಯೇ ದೀನರಿಗೂ ಅಂಧರಿಗೂ ಅನ್ನವಿದ್ದಿತು, ರೋಗಿಗಳಿಗೆ ಔಷಧವಿದ್ದಿತು. ವಿದ್ಯೆಯನ್ನೂ ಊರಿನ ಉಪಯೋಗವನ್ನೂ ಅವರು ಬೇರೆಬೇರೆಯಾಗಿ ಕಂಡಿರಲಿಲ್ಲ. ಅಲ್ಲಿಗೆ ಸಮೀಪದ ತಾಳಗುಂದದ ಸ್ತಂಭಶಾಸನದಲ್ಲಿ ಇನ್ನೂ ಹಳೆಯ ಕಥೆಯೊಂದಿದೆ. ಅಲ್ಲಿಯ ಮಯೂರಶರ್ಮನೆಂಬ ತರುಣನು ವೀರಶರ್ಮನೊಡನೆ ಕಂಚಿಯ ಘಟಿಕಾಸ್ಥಾನಕ್ಕೆ ಹೆಚ್ಚಿನ ವ್ಯಾಸಂಗಕ್ಕಾಗಿ ಹೋದನು. ಉತ್ತಮ ವಿದ್ಯೆಗಾಗಿ ಊರು ಬಿಟ್ಟು ದೂರದ ರಾಜಧಾನಿಗೆ ಹೋಗುವುದು ಈ ಸೀಮೆಯವರಿಗೆ ನಿನ್ನೆ ಮೊನ್ನೆ ಹುಟ್ಟಿದ ಪದ್ಧತಿಯಲ್ಲ. ಆದರೆ ಪಲ್ಲವರ ಅಶ್ವಾರೋಹಿಯಿಂದ ಅವಮಾನವಾದಾಗ ಅವನು ತಲೆತಗ್ಗಿಸಿ ಅಲ್ಲಿಯೇ ಉಳಿಯಲಿಲ್ಲ. ಮರಳಿ ತನ್ನ ನಾಡನ್ನು ಕಟ್ಟಿದನು. ಬನವಾಸಿಯ ಕದಂಬರ ರಾಜ್ಯವು ಹಾಗೆ ಹುಟ್ಟಿತು.

ತಂತ್ರಾಂಶದ ಕ್ಷೇತ್ರದಲ್ಲಿ ಹೀಗೆ ಸ್ವಂತ ಬುದ್ಧಿಯಿಂದ ಕಟ್ಟಿದವರು ನಮ್ಮಲ್ಲಿಲ್ಲವೆಂದಲ್ಲ. ಗಣಕಯಂತ್ರದಲ್ಲಿ ಕನ್ನಡವನ್ನು ಬರೆಯುವುದೇ ದುಸ್ಸಾಧ್ಯವೆನಿಸಿದ್ದ ಕಾಲದಲ್ಲಿ ಕಿನ್ನಿಕಂಬಳದ ಕೆ. ಪಿ. ರಾಯರು ಕನ್ನಡದ ಧ್ವನಿಕ್ರಮಕ್ಕೆ ಒಪ್ಪುವ ಕೀಲಿಮಣೆಯ ವಿನ್ಯಾಸವನ್ನು ರೂಪಿಸಿಕೊಟ್ಟರು. ಶೇಷಾದ್ರಿವಾಸು ಅವರು 1998ರಲ್ಲಿ ಬರಹ ತಂತ್ರಾಂಶವನ್ನು ಹೊರತಂದರು. ಕನ್ನಡ ಗಣಕ ಪರಿಷತ್ತಿನ ನುಡಿಯು ಸರಕಾರದ ಕಚೇರಿಗಳನ್ನೆಲ್ಲ ಹೊಕ್ಕಿತು. ಇಂದು ಶಿರಾಳಕೊಪ್ಪದ ಸಂತೆಯಲ್ಲಿ ನಿಂತ ವ್ಯಾಪಾರಿಯು ಕೈಯಂತ್ರದಲ್ಲಿ ಕನ್ನಡದಲ್ಲಿ ಧಾರಣೆಯನ್ನು ಕಳುಹಿಸುತ್ತಾನೆ. ಅವನು ಇವರ ಹೆಸರುಗಳನ್ನು ಕೇಳಿರಲಿಕ್ಕಿಲ್ಲ, ಇವರ ಋಣದಲ್ಲಿ ಮಾತ್ರ ಇದ್ದಾನೆ.

ಸರಕಾರದ ಪಕ್ಷದಿಂದಲೂ ಒಂದು ಉದಾಹರಣೆಯನ್ನು ಕೊಡಬಹುದು. ಪಹಣಿಯ ಒಂದು ಪ್ರತಿಗಾಗಿ ರೈತನು ಗ್ರಾಮಲೆಕ್ಕಿಗನ ಮನೆಯ ಬಾಗಿಲಿಗೆ ಎಷ್ಟು ಸಲ ತಿರುಗಬೇಕಾಗಿದ್ದಿತೆಂಬುದನ್ನು ಐವತ್ತು ದಾಟಿದ ವಾಚಕರು ಬಲ್ಲರು. 2000ದ ಸುಮಾರಿಗೆ ಜಾರಿಗೆ ಬಂದ ಭೂಮಿ ಯೋಜನೆಯು ರಾಜ್ಯದ 67 ಲಕ್ಷ ಹಿಡುವಳಿದಾರರಿಗೆ ಸೇರಿದ ಸುಮಾರು 2 ಕೋಟಿ ದಾಖಲೆಗಳನ್ನು ಯಂತ್ರಕ್ಕೇರಿಸಿತು. ಗೊತ್ತಾದ ಶುಲ್ಕ ಕೊಟ್ಟು ತಾಲ್ಲೂಕು ಕಚೇರಿಯಲ್ಲಿ ಪಹಣಿ ಪಡೆಯುವಂತಾಯಿತು. ಇದೂ ತಂತ್ರಾಂಶವೇ. ಸೊರಬದ ರೈತನ ಬಾಳನ್ನು ಇದು ಮುಟ್ಟಿದಷ್ಟು ನಿಕಟವಾಗಿ ನ್ಯೂಯಾರ್ಕಿನ ಬ್ಯಾಂಕಿನ ತಂತ್ರಾಂಶವು ಮುಟ್ಟಲಾರದು.

ಊರಿನಲ್ಲಿಯೇ ಕುಳಿತು ಯಾಕೆ ಮಾಡಬಾರದೆಂದು ಕೇಳಿದ ಆ ಹುಡುಗನ ಪ್ರಶ್ನೆಗೂ ಉತ್ತರವುಂಟು. ಉಡುಪಿಯಲ್ಲಿ 1996ರಲ್ಲಿ ಆರಂಭವಾದ ರೋಬೋಸಾಫ್ಟ್ ಕಂಪೆನಿಯು ಕರಾವಳಿಯ ಪಟ್ಟಣದಲ್ಲಿದ್ದುಕೊಂಡೇ ಜಗತ್ತಿಗೆ ತಂತ್ರಾಂಶವನ್ನು ಮಾಡಿಕೊಟ್ಟಿತು. ತಮಿಳುನಾಡಿನ ಝೋಹೋ ಕಂಪೆನಿಯು ತೆಂಕಾಸಿಯ ಬಳಿಯ ಮತ್ತಲಂಪಾರೈ ಎಂಬ ಹಳ್ಳಿಯಲ್ಲಿ ಕಚೇರಿಯನ್ನಿಟ್ಟಿದೆ. ಶಾಲಾ ಶಿಕ್ಷಣ ಮುಗಿಸಿದ ಹುಡುಗರಿಗೆ ವೇತನವನ್ನೂ ಕೊಟ್ಟು ಕಲಿಸುವ ಶಾಲೆಯನ್ನು 2005ರಿಂದ ನಡೆಸುತ್ತಲಿದೆ. 2020ರ ಮಹಾಮಾರಿಯ ಕಾಲದಲ್ಲಿ ಬೆಂಗಳೂರಿನಿಂದ ಮರಳಿದ ನಮ್ಮ ಮಲೆನಾಡಿನ ಎಷ್ಟೋ ತರುಣರು ಜಗಲಿಯ ಮೇಲೆ ಕುಳಿತು ಅಮೇರಿಕೆಯ ಕೆಲಸವನ್ನು ಮುಗಿಸಿಕೊಟ್ಟರು. ಆಗ ಅವರಿಗೆ ಅಡ್ಡಿಯಾದುದು ಬುದ್ಧಿಯ ಕೊರತೆಯಲ್ಲ, ತಂತಿಯ ಕೊರತೆ.

ಮಾಡುವುದಕ್ಕೆ ಕೆಲಸವೇನೂ ಕಡಮೆಯಿಲ್ಲ. ಅಡಿಕೆಗೆ ಎಲೆಚುಕ್ಕೆ ರೋಗವು ಹಬ್ಬಿ ಮಲೆನಾಡಿನ ತೋಟಗಳು ನಲುಗುತ್ತಿವೆ. ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಯಾವ ಮಳೆಯ ಬಿಡುವಿನಲ್ಲಿ ಹೊಡೆಯಬೇಕೆಂಬುದು ಪ್ರತಿವರ್ಷದ ಚಿಂತೆ. ರಾಶಿ, ಬೆಟ್ಟೆ, ಸರಕು, ಗೊರಬಲು ಎಂಬ ಬಗೆಗಳನ್ನು ಕಣ್ಣಿನಿಂದಲೇ ವಿಂಗಡಿಸುವ ಜ್ಞಾನವು ಮುದುಕರ ಜೊತೆಯಲ್ಲಿ ಮರೆಯಾಗುತ್ತಿದೆ. ಇನ್ನು ಭಾಷೆಯ ಮಾತು. ಮನುಷ್ಯರಂತೆ ಮಾತನಾಡುವ ಹೊಸ ಯಂತ್ರಗಳು ಇಂಗ್ಲೀಷನ್ನು ಬಲ್ಲಷ್ಟು ಕನ್ನಡವನ್ನು ಬಲ್ಲವಲ್ಲ. ಏಕೆಂದರೆ ಅವಕ್ಕೆ ಉಣಬಡಿಸಲು ಬೇಕಾದ ಕನ್ನಡ ಬರಹವು ಸಾಲದು. ಆನವಟ್ಟಿಯ ರೈತನು ತನ್ನ ಮಾತಿನಲ್ಲಿಯೇ ಕೇಳಿದರೆ ಉತ್ತರಿಸುವ ಯಂತ್ರವನ್ನು ಕಟ್ಟಬೇಕಾದರೆ, ಆ ಮಾತನ್ನು ಬಲ್ಲವರೇ ಅದಕ್ಕೆ ಬೇಕು. ಕನ್ನಡ ಮಾಧ್ಯಮದಲ್ಲಿ ಓದಿದೆನೆಂದು ತಲೆತಗ್ಗಿಸಿದ ಆ ವಿದ್ಯಾರ್ಥಿಯ ಕೊರತೆಯೇ ಇಲ್ಲಿ ಅವನ ಬಂಡವಾಳವಾಗಬಲ್ಲುದು. ದಲ್ಲಾಳಿಗಳ ಕಾಟದಿಂದ ಬೇಸತ್ತ ಮಲೆನಾಡಿನ ಅಡಿಕೆ ಬೆಳೆಗಾರರು 1939ರಲ್ಲಿ ಒಟ್ಟುಗೂಡಿ ಮ್ಯಾಮ್‌ಕೋಸ್ ಎಂಬ ಸಹಕಾರ ಸಂಘವನ್ನು ಕಟ್ಟಿಕೊಂಡರು. ಅವರ ಮೊಮ್ಮಕ್ಕಳಲ್ಲಿ ಹತ್ತು ಜನ ಕುಶಲಿಗಳು ಕೂಡಿ ಒಂದು ತಂತ್ರಾಂಶದ ಸಹಕಾರ ಸಂಘವನ್ನು ಕಟ್ಟಿಕೊಳ್ಳುವುದು ಅಸಾಧ್ಯವೇ?

ಈಗ ವಿದ್ಯಾರ್ಥಿಗಳಿಗೆ ನಮ್ಮ ವಿಜ್ಞಾಪನೆ. ಬೆಂಗಳೂರಿಗೆ ಹೋಗಬೇಡಿರೆಂದು ನಾವು ಹೇಳುವವರಲ್ಲ, ಅವಶ್ಯವಾಗಿ ಹೋಗಿರಿ. ತಿಂಗಳ ಸಂಬಳವು ಬಡವನ ಮನೆಗೆ ಎಂತಹ ಆಸರೆಯೆಂಬುದನ್ನು ಹೊಟ್ಟೆ ತುಂಬಿದವರು ತಿಳಿಯಲಾರರು. ಆದರೆ ಹೋಗುವ ಮುನ್ನ ಗಣಿತವನ್ನೂ ತರ್ಕವನ್ನೂ ಗಟ್ಟಿಮಾಡಿಕೊಳ್ಳಿರಿ. ಹತ್ತು ಗಣಕಭಾಷೆಗಳ ಹೆಸರನ್ನು ಅರ್ಜಿಯಲ್ಲಿ ಬರೆಯುವುದಕ್ಕಿಂತ ಒಂದನ್ನು ಬೇರುಸಹಿತವಾಗಿ ಕಲಿಯಿರಿ. ಯಂತ್ರವು ಬರೆದುಕೊಟ್ಟುದನ್ನು ಸಾಲುಸಾಲಾಗಿ ಓದಿ, ಏಕೆ ಹೀಗೆ ಎಂದು ಕೇಳಿಕೊಳ್ಳಿರಿ. ಓದು ಮುಗಿಯುವುದರೊಳಗೆ ನಿಮ್ಮ ಊರಿನ ಹಾಲಿನ ಡೇರಿಗೋ ಸೊಸೈಟಿಗೋ ಗ್ರಂಥಾಲಯಕ್ಕೋ ನಿಜವಾಗಿ ಉಪಯೋಗಕ್ಕೆ ಬರುವ ಒಂದು ಸಣ್ಣ ತಂತ್ರಾಂಶವನ್ನು ಮಾಡಿಕೊಡಿರಿ. ಅದರ ತಪ್ಪುಗಳನ್ನು ತಿದ್ದುವುದರಲ್ಲಿ ಕಲಿಯುವಷ್ಟನ್ನು ಪರೀಕ್ಷೆಯಲ್ಲಿ ಕಲಿಯಲಾರಿರಿ. ಐ.ಐ.ಟಿ.ಗಳ ಅಧ್ಯಾಪಕರ ಉಪನ್ಯಾಸಗಳು ಎನ್‌ಪಿಟೆಲ್ ಮೂಲಕ ಕಾಸಿಲ್ಲದೆ ಕೇಳಸಿಕ್ಕುತ್ತವೆ. ಇಂಗ್ಲೀಷನ್ನು ಉಪಕರಣವೆಂದು ತಿಳಿದು ಪ್ರತಿದಿನವೂ ಸ್ವಲ್ಪ ಸ್ವಲ್ಪ ಮಸೆಯಿರಿ. ಅದಕ್ಕೆ ಹೆದರಲೂ ಬೇಡಿ, ಅದನ್ನು ಪೂಜಿಸಲೂ ಬೇಡಿ.

ತಂದೆತಾಯಿಗಳಿಗೆ ನಮ್ಮ ಮಾತು ಇನ್ನೂ ನಿಷ್ಠುರವಾದುದು. ಹೊಲವನ್ನು ಅಡವಿಟ್ಟು ಆಡಳಿತ ಮಂಡಲಿಯ ಸೀಟನ್ನು ಕೊಳ್ಳುವ ಮುನ್ನ ಎರಡು ಸಲ ಆಲೋಚಿಸಿರಿ. ಸಿ.ಇ.ಟಿ.ಯಲ್ಲಿ ಗ್ರಾಮೀಣ ವಿದ್ಯಾರ್ಥಿಗಳಿಗೆ ನೂರಕ್ಕೆ 15ರಷ್ಟು, ಕನ್ನಡ ಮಾಧ್ಯಮದವರಿಗೆ ನೂರಕ್ಕೆ 5ರಷ್ಟು ಮೀಸಲಾತಿ ಇರುವುದನ್ನು ಮರೆಯದಿರಿ. ಅದಕ್ಕೆ ಬೇಕಾದ ಪ್ರಮಾಣಪತ್ರಗಳನ್ನು ಕಡೆಯ ದಿನಕ್ಕೆ ಇಟ್ಟುಕೊಳ್ಳದಿರಿ. ಕೆಲಸ ಕೊಡಿಸುವೆವೆಂದು ಮುಂಗಡ ಕೇಳುವವನು, ನೇಮಕದ ಪತ್ರಕ್ಕೆ ಬೆಲೆ ಹೇಳುವವನು, ಮೂಲ ಅಂಕಪಟ್ಟಿಗಳನ್ನು ತನ್ನ ಬಳಿ ಇಟ್ಟುಕೊಳ್ಳುವವನು, ಇವರಾರೂ ಉದ್ಯೋಗದಾತರಲ್ಲ. ನಿಜವಾಗಿ ಕೆಲಸ ಕೊಡುವ ಕಂಪೆನಿಯು ಕೆಲಸಕ್ಕಾಗಿ ಹಣವನ್ನು ಕೇಳುವುದಿಲ್ಲ.

ಅಧಿಕಾರಿಗಳಲ್ಲಿಯೂ ಪಟ್ಟಣದ ಮಹನೀಯರಲ್ಲಿಯೂ ನಾವು ಬೇಡುವುದು ದೊಡ್ಡ ಭವನಗಳನ್ನಲ್ಲ. ಶಿವಮೊಗ್ಗೆಗೆ 2023ರಲ್ಲಿ ವಿಮಾನ ಬಂದಿತು. ಅದೇ ವರ್ಷ ಶಿಕಾರಿಪುರದ ಮಾರ್ಗವಾಗಿ ರಾಣೇಬೆನ್ನೂರಿಗೆ ಹೋಗುವ ರೈಲುಮಾರ್ಗಕ್ಕೆ ಅಡಿಗಲ್ಲು ಬಿದ್ದಿತು. ಸಂತೋಷ. ಆದರೆ ಹೊರಗೆ ಹೋಗುವ ದಾರಿಗಳನ್ನು ಅಗಲ ಮಾಡಿದಷ್ಟೇ ಶ್ರದ್ಧೆಯಿಂದ ಒಳಗೆ ವಿದ್ಯೆಯು ಬರುವ ದಾರಿಯನ್ನೂ ಮಾಡಬೇಕು. ಸರಕಾರಿ ಕಾಲೇಜಿನ ಗಣಕಯಂತ್ರಗಳ ಕೊಠಡಿಯು ತರಗತಿ ಮುಗಿದೊಡನೆ ಬೀಗ ಹಾಕಿಸಿಕೊಳ್ಳದೆ ರಾತ್ರಿ ಎಂಟರವರೆಗೆ ತೆರೆದಿರಲಿ. ಅತಿಥಿ ಉಪನ್ಯಾಸಕರಿಂದಲೇ ವರ್ಷಗಳನ್ನು ನೂಕುವುದು ನಿಂತು, ಕಾಯಂ ಅಧ್ಯಾಪಕರು ಬರಲಿ. ಪಂಚಾಯತಿಯ ಗ್ರಂಥಾಲಯಗಳಿಗೆ ಬಂದಿರುವ ತಂತಿಯಲ್ಲಿ ಸಂಪರ್ಕವೂ ಇರಲಿ. ಹುಚ್ಚರಾಯಸ್ವಾಮಿಯ ಜಾತ್ರೆಗೆಂದು ಬೆಂಗಳೂರಿನಿಂದ ಬರುವ ನಮ್ಮವರೇ ಆದ ಎಂಜಿನಿಯರುಗಳನ್ನು ಒಂದು ಬೆಳಗು ಕಾಲೇಜಿಗೆ ಕರೆದು, ಕಂಪೆನಿಯ ಒಳಗಿನ ಕಥೆಯನ್ನು ಅಲಂಕಾರವಿಲ್ಲದೆ ಹೇಳಿಸಿರಿ. ಇದಕ್ಕೆ ಸರಕಾರದ ಆದೇಶವೂ ಬೇಡ, ಹಣವೂ ಬೇಡ.

ಸೊರಬದಲ್ಲಿ ಬಸ್ಸು ನಿಂತಾಗ ಆ ತರುಣರು ನಮಸ್ಕರಿಸಿ ಇಳಿದುಹೋದರು. ಅದೇ ನಿಲ್ದಾಣದ ಇನ್ನೊಂದು ಮಗ್ಗುಲಲ್ಲಿ ಬೆಂಗಳೂರಿಗೆ ಹೋಗುವ ರಾತ್ರಿಯ ಬಸ್ಸಿಗೆ ಗಂಟುಮೂಟೆಗಳೊಡನೆ ಕಾಯುತ್ತಿದ್ದವರೂ ಅವರ ವಯಸ್ಸಿನವರೇ. ಅವರೆಲ್ಲರ ಪ್ರಯಾಣವೂ ಸುಖಕರವಾಗಲಿ. ತಾಳಗುಂದದಿಂದ ಕಂಚಿಗೆ ಹೋದವನು ಕಂಚಿಯ ಊಳಿಗದವನಾಗಿ ಮುಗಿದುಹೋಗಲಿಲ್ಲವೆಂಬ ಒಂದು ಮಾತನ್ನು ಮಾತ್ರ ಅವರು ತಮ್ಮ ಗಂಟಿನಲ್ಲಿ ಕಟ್ಟಿಕೊಂಡು ಹೋಗಬೇಕೆಂದು ನಾವು ಹಾರೈಸುತ್ತೇವೆ.